ಹಡಗಿನೂಟಕ್ಕೆ ಮೂಗಮ್ಮನ ಜಾಕೀಟು

ಮೂಗಮ್ಮ ಎಂಬ ಹೆಸರನ್ನು ಹಿರಿಯರು ಊರ ದೇವರನ್ನು ನೆನೆದು ಇಟ್ಟರೇ ಹೊರತು ಮಗುವಿನ ಗಂಟಲನ್ನು ಪರೀಕ್ಷೆ ಮಾಡಿ ಇಟ್ಟವರಲ್ಲ. ಮಾಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು. ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿ ಹೊಳೆಯ ದಂಡೆಯ ಮನೆಯಲ್ಲಿ ಹುಟ್ಟಿದ ಹೆಣ್ಣು. ಈ ದಡದಲ್ಲಿ ನಿಂತು ತಮ್ಮ ಮನೆಯ ಎಮ್ಮೆಯನ್ನು ಕರೆದರೆ ಆ ದಡದ ಎಮ್ಮೆಗಳೂ ಮೇವು ಬಿಟ್ಟು ಎದ್ದು ನಿಲ್ಲುತ್ತಿದ್ದವು. ಒಂದು ಸಲ ತಮ್ಮನನ್ನು ಊಟಕ್ಕೆ ಕೂಗಿದಾಗ ಸ್ಟೇಷನ್ ಬಿಟ್ಟು ಹೊರಟಿದ್ದ ಪ್ಯಾಸೆಂಜರ್ ರೈಲು ಗಕ್ಕನೆ ನಿಂತಿತೆಂದೂ, ಡ್ರೈವರು ಇಳಿದು ಬಂದು ಕೈಕಾಲು ತೊಳೆದುಕೊಂಡು ಪಂಕ್ತಿಯಲ್ಲಿ ಕೂತನೆಂದೂ ಆ ಊರಿನವರು ಇವತ್ತಿಗೂ ಹೇಳುತ್ತಾರೆ. ರೈಲು ನಿಂತದ್ದು ಸುಳ್ಳಿರಬಹುದು. ಡ್ರೈವರು ಉಂಡದ್ದು ನಿಜ.

ಇಂಥ ಹೆಂಗಸಿಗೆ ಹಾವು ಕಂಡರೆ ಹೆದರಿಕೆಯಿಲ್ಲ, ಹೊಳೆ ಉಕ್ಕಿದರೆ ಹೆದರಿಕೆಯಿಲ್ಲ. ಅತ್ತೆ ಬೈದರೆ ಅತ್ತೆಗೇ ಹೆದರಿಕೆ. ಆದರೆ ಒಂದೇ ಒಂದು ಸಂಗತಿಗೆ ಆಕೆ ಹಗಲಿರುಳು ಹೆದರುತ್ತಿದ್ದಳು. ಅದು ಆಕೆಯ ಮೈಮೇಲೇ ಇತ್ತು. ತನ್ನ ಬಲತೋಳಿಗೆ ತಾನೇ ಹೆದರುತ್ತಿದ್ದಳು.

ಹನ್ನೆರಡೋ ಹದಿಮೂರೋ ವರ್ಷದವಳಿದ್ದಾಗ ನಡೆದದ್ದು. ಗದ್ದೆಯ ಬದಿಯಲ್ಲಿ ಅಪ್ಪನ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಪಾಕಕ್ಕೆ ಬಂದಿತ್ತು. ಕೊಬ್ಬರಿ ಚೂರಿಗೆ ಬಿಸಿ ಬೆಲ್ಲ ಹತ್ತಿಸಿಕೊಂಡು ತಿನ್ನುವ ಆಸೆಗೆ ಹುಡುಗಿ ಹತ್ತಿರ ಹೋಗಿ ಬಗ್ಗಿದಳು. ಅದೇ ಹೊತ್ತಿಗೆ ಕೊಪ್ಪರಿಗೆ ಇಳಿಸುತ್ತಿದ್ದವರ ಹಿಡಿತ ಜಾರಿತು. ಬಿಸಿನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಹಾಗಲ್ಲ, ಬಿದ್ದಲ್ಲೇ ಅಂಟಿ ಕೂತು ಒಳಕ್ಕೆ ಇಳಿಯುತ್ತದೆ. ಕಿತ್ತರೆ ಚರ್ಮವೇ ಕಿತ್ತು ಬರುತ್ತದೆ. ಪಾಂಡವಪುರದ ಬಳಿ ನಾಟಿ ಔಷಧಿ ಕೊಡುವವನೊಬ್ಬ ತಿಂಗಳುಗಟ್ಟಲೆ ಸೊಪ್ಪಿನ ರಸ ಕಟ್ಟಿದ. ಜೀವ ಉಳಿಯಿತು, ಕೈ ಆಡುವಂತಾಯಿತು. ಭುಜದಿಂದ ಮೊಣಕೈವರೆಗೆ ಚರ್ಮ ಮಾತ್ರ ಗಂಟುಗಂಟಾಗಿ, ಒಂದು ಕಡೆ ಕೆಂಪು, ಒಂದು ಕಡೆ ಕಪ್ಪಾಗಿ, ಯಾರೋ ಹಿಂಡಿ ಒಣಗಲು ಬಿಟ್ಟ ಬಟ್ಟೆಯ ಹಾಗೆ ಉಳಿಯಿತು.

"ಇದು ಯಾರ್ ಕಣ್ಗೂ ಬೀಳ್ಬಾರ್ದು ಕಣವ್ವ," ಅಂದಳು ತಾಯಿ. "ಬಿದ್ರೆ ನಿನ್ನ ಯಾರ್ ಕಟ್ಕತಾರೆ?"

ಅವತ್ತಿನಿಂದ ಆಕೆಯ ಜಾಕೀಟಿನ ತೋಳು ಮೊಣಕೈ ದಾಟಿ ಇಳಿಯಿತು. ಈ ಸೀಮೆಯಲ್ಲಿ ಸೀರೆಯ ಜೊತೆ ಹೆಂಗಸರು ತೊಡುವ ಕುಪ್ಪಸಕ್ಕೆ ಜಾಕೀಟು ಅನ್ನುತ್ತಾರೆ. ಗಂಡಸರು ತೊಟ್ಟರೆ ಅದು ಕೋಟು. ಇದನ್ನು ಈಗಲೇ ಹೇಳಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಅನಾಹುತಕ್ಕೆಲ್ಲ ಈ ಎರಡು ಮಾತುಗಳೇ ಕಾರಣ.

ಮದುವೆಯ ದಿನ ಅರಿಶಿನ ಹಚ್ಚುವಾಗ ತಾಯಿ ಮಗಳ ಬಲಕ್ಕೆ ಕಾವಲು ಕೂತಿದ್ದಳು. ಬಲತೋಳಿಗೆ ಅರಿಶಿನ ಹಚ್ಚಲು ಬಂದವರಿಗೆಲ್ಲ ಎಡತೋಳು ತೋರಿಸಿದಳು. ಎಡತೋಳಿಗೆ ಮೆತ್ತಿದ ಅರಿಶಿನದಲ್ಲಿ ಇನ್ನೂ ಎರಡು ಮದುವೆ ಮಾಡಬಹುದಿತ್ತು. ಹಾಗೆ ಮೂಗಮ್ಮ ನಾಗಮಂಗಲದ ಮಂಚಯ್ಯನ ಹೆಂಡತಿಯಾಗಿ ಹೊಳೆಯ ಸೀಮೆಯಿಂದ ಒಣ ಸೀಮೆಗೆ ಬಂದಳು.

ಮಂಚಯ್ಯ ಆ ತೋಳು ನೋಡಿದ. ಕಟ್ಟಿಕೊಂಡ ಗಂಡ, ನೋಡದಿರಲು ಸಾಧ್ಯವೇ? ನೋಡಿ, ಏನೂ ಅನ್ನಲಿಲ್ಲ. ಏನಾಯಿತು ಎಂದು ಕೇಳಲೂ ಇಲ್ಲ. ಆ ಹೊತ್ತು ಕೇಳಲಿಲ್ಲ, ಮರುದಿನ ಕೇಳಲಿಲ್ಲ, ಇಬ್ಬರು ಮಕ್ಕಳಾಗಿ ಹಿರಿಯವಳನ್ನು ಸಿಂಧಘಟ್ಟಕ್ಕೆ ಮದುವೆ ಮಾಡಿ ಕೊಟ್ಟ ಮೇಲೂ ಕೇಳಲಿಲ್ಲ. ಆ ಮೌನದೊಳಗೆ ಏನಿದೆಯೋ ಮೂಗಮ್ಮನಿಗೆ ತಿಳಿಯದು. ಅಸಹ್ಯವೋ, ಮೋಸ ಮಾಡಿ ಗಂಟು ಹಾಕಿದರೆಂಬ ಸಿಟ್ಟೋ, ಬರೀ ಕನಿಕರವೋ. ಕೇಳಿಬಿಡೋಣವೆಂದರೆ ಏನು ಹೇಳಿಬಿಡುತ್ತಾನೋ ಎಂಬ ದಿಗಿಲು. ರೈಲು ನಿಲ್ಲಿಸಿದ ಗಂಟಲು ಆ ಒಂದು ಮಾತಿಗೆ ಮಾತ್ರ ಏಳುತ್ತಿರಲಿಲ್ಲ.

ಮಂಚಯ್ಯನದು ಬಸ್ ಸ್ಟ್ಯಾಂಡಿನ ಹಿಂದೆ ಬೋರ್‌ವೆಲ್ ಮೋಟಾರಿನ ಅಂಗಡಿ. ತೊಂಬತ್ತಾರನೇ ಇಸವಿಯ ಹೊತ್ತಿಗೆ ನಾಗಮಂಗಲ ಸೀಮೆಯ ಭೂಮಿಗೆ ಎಷ್ಟು ತೂತು ಬಿದ್ದಿದ್ದವೆಂದರೆ, ಜೋರಾಗಿ ಗಾಳಿ ಬೀಸಿದರೆ ಇಡೀ ತಾಲ್ಲೂಕು ಕೊಳಲಿನ ಹಾಗೆ ಊದುತ್ತಿತ್ತು. ಒಂದೊಂದು ತೂತಿಗೂ ಒಂದೊಂದು ಮೋಟಾರು. ಮೋಟಾರು ಮಾಡುವ ಕಂಪನಿಯವರು ಹಿಗ್ಗಿ, ಚೆನ್ನಾಗಿ ಮಾರಿದ ಅಂಗಡಿಯವರನ್ನೆಲ್ಲ ಹೆಂಡತಿ ಸಮೇತ ಸಿಂಗಪುರಕ್ಕೆ ಕರೆದೊಯ್ದು, ಅಲ್ಲಿಂದ ಹಡಗಿನಲ್ಲಿ ಸಮುದ್ರ ಸುತ್ತಿಸುತ್ತೇವೆ ಅಂದರು. ನೀರಿಲ್ಲದ ಊರಿನಲ್ಲಿ ನೀರೆತ್ತುವ ಯಂತ್ರ ಮಾರಿದ್ದಕ್ಕೆ ನೀರಿನ ಮೇಲೆ ಮೆರವಣಿಗೆ.

ಮಂಚಯ್ಯ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿಯಲ್ಲ. ಕೆ.ಆರ್. ಪೇಟೆ ಸಂತೆಯಲ್ಲಿ ಹೇಳಿದ, ಪಾಂಡವಪುರದ ಬಸ್ಸಿನ ಕಂಡಕ್ಟರಿಗೆ ಹೇಳಿದ, ಶ್ರೀರಂಗಪಟ್ಟಣದಲ್ಲಿ ನೆಂಟರ ತಿಥಿಗೆ ಹೋದವನು ಪಿಂಡ ಇಡುತ್ತಿದ್ದವರಿಗೂ ಹೇಳಿ ಬಂದ.

ಹೊರಡಲು ಕೆಲವು ವಾರ ಇರುವಾಗ ಕಂಪನಿಯ ಆಫೀಸರು ಮೋಹನ್ ಕುಮಾರ್ ಬೆಂಗಳೂರಿನಿಂದ ಅಂಗಡಿಗೆ ಫೋನು ಮಾಡಿದರು. ಆ ಕಾಲದ ನಾಗಮಂಗಲದ ಫೋನೆಂದರೆ ಒಂದು ಮಾತು ಕೇಳಿಸಿದರೆ ಎರಡು ಮಾತು ಜೀರುಂಡೆ ತಿನ್ನುತ್ತಿತ್ತು.

"ಮಂಚಯ್ಯನವರೇ, ಮುಖ್ಯವಾದ ವಿಷಯ. ಎರಡನೇ ದಿನ ಸಂಜೆ ಹಡಗಿನ ಕ್ಯಾಪ್ಟನ್ ಜೊತೆ ಡಿನ್ನರು. ತುಂಬ ಶಿಸ್ತು. ಜಾಕೆಟ್ ಇಲ್ದಿದ್ರೆ ಬಾಗಿಲೊಳಕ್ಕೇ ಬಿಡಲ್ಲ." ಗೊರ್ರ್. "ಕಡು ಬಣ್ಣದ್ದೇ ಆಗಲಿ. ಮೈಗೆ ಹಿಡಿದ ಹಾಗೆ ಹೊಲಿಸಿ. ತೋಳು ಮಾತ್ರ ಉದ್ದ ಬೇಡ. ಒಳಗಿಂದು ಒಂಚೂರು ಕಾಣಬೇಕು, ಅದೇ ಅದರ ಸ್ಟೈಲು." ಗೊರ್ರ್, ಗೊರ್ರ್. "...ಲೇಡೀಸ್‌ಗೆ... ಸೀರೆ..." ಅಷ್ಟಕ್ಕೆ ಲೈನು ಸತ್ತಿತು.

ಮಂಚಯ್ಯ ಫೋನು ಇಟ್ಟು, ಅಂಗಡಿ ಮುಚ್ಚಿ ಮನೆಗೆ ಬಂದ. ಮಧ್ಯಾಹ್ನ ಮುದ್ದೆ ಮುರಿಯುವಾಗ ಹೆಂಡತಿಯ ಮುಖ ನೋಡದೆ ಶುರು ಮಾಡಿದ.

"ನಿಂಗೊಂದು ಜಾಕೀಟು ಒಲ್ಸ್‌ಬೇಕಂತೆ ಕಣಮ್ಮಿ."

"ಇರಾವು ಸಾಲ್ದಾ? ಪೆಟ್ಗೆ ತುಂಬ ಅವೆ."

"ಅವು ಆಗಾಕಿಲ್ವಂತೆ. ಕ್ಯಾಪ್ಟನ್ ಊಟುಕ್ಕೆ ಬ್ಯಾರೆ ಜಾಕೀಟಂತೆ. ಕಡು ಬಣ್ಣದ್ದು, ಮೈಗೆ ಇಡ್ಕಂಡಂಗೆ. ತೋಳು..." ಮುದ್ದೆಯ ತುತ್ತನ್ನು ಎರಡು ಸಲ ಸಾರಿಗೆ ಅದ್ದಿದ. "ತೋಳು ಗಿಡ್ಡಾಗಿರ್ಬೇಕಂತೆ. ಒಳಗಿಂದು ಒಸಿ ಕಾಣ್ಬೇಕಂತೆ."

"ಒಳಗಿಂದು ಅಂದ್ರೆ?"

"ಜಾಕೀಟು ತೋಳಿನ ಒಳಗೆ ಏನಮ್ಮಿ ಇರ್ತದೆ? ತೋಳೇಯಾ."

"ಯಾವನವ್ನು ಕ್ಯಾಪ್ಟನ್ನು, ನನ್ ತೋಳು ನೋಡಾಕೆ?"

"ಅಡಗು ಓಡ್ಸೋನು."

"ಅಡಗು ಓಡ್ಸೋನು ಮುಂದೆ ನೋಡ್ಕಂಡು ಓಡ್ಸಾಕೇಳಿ!"

ಗದರಿದ್ದು ಜೋರಾಗಿಯೇ. ಆದರೆ ಒಳಗೆ ಹೋಗಿ ಪಾತ್ರೆ ಇಟ್ಟವಳು ಒಲೆಯ ಪಕ್ಕ ಕೂತುಬಿಟ್ಟಳು. ಮೂಗಿಗೆ ಬೆಲ್ಲದ ಪಾಕದ ವಾಸನೆ ಬಂದ ಹಾಗಾಯಿತು. ಹೆದರಿದಾಗಲೆಲ್ಲ ಆಕೆಗೆ ಬರುತ್ತಿದ್ದ ವಾಸನೆ ಅದು. ನಾನು ಬರುವುದಿಲ್ಲ ಅಂದುಬಿಡಬಹುದಿತ್ತು. ಆದರೆ ಜೋಡಿಯಾಗಿ ಬಂದವರಿಗೆ ಮಾತ್ರ ಹಡಗು ಎಂದು ಕಂಪನಿ ಕಟ್ಟಪ್ಪಣೆ ಮಾಡಿತ್ತು. ಅವಳು ಒಲ್ಲೆ ಅಂದರೆ ಅವನಿಗೂ ಇಲ್ಲ. ನಾಲ್ಕು ತಾಲ್ಲೂಕಿಗೆ ಸಾರಿಬಂದ ಮನುಷ್ಯ ತಲೆಯೆತ್ತಿ ಓಡಾಡುವುದು ಹೇಗೆ? ಅದೂ ಅಲ್ಲದೆ ಒಲ್ಲೆ ಅಂದರೆ ಯಾಕೆ ಅಂತ ಹೇಳಬೇಕು. ಇಷ್ಟು ವರ್ಷ ಇಬ್ಬರೂ ಬಾಯಿಗೆ ತರದ ಮಾತನ್ನು ಹೇಳುವುದಕ್ಕಿಂತ ಸಮುದ್ರಕ್ಕೆ ಹಾರುವುದು ಸಲೀಸೆನಿಸಿತು.

ಮರಿಸ್ವಾಮಿ ನಾಗಮಂಗಲದ ಪೇಟೆ ಬೀದಿಯ ಟೈಲರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಅಭ್ಯಾಸವಾಗಿ, ಸೂಜಿಯಿಲ್ಲದಿದ್ದರೆ ಅವನ ಮಾತು ತೊದಲುತ್ತಿತ್ತು.

"ಅಳತೆ ಜಾಕೀಟು ಕೊಡು ಮೂಗಕ್ಕ. ತೋಳು ಯಾವಾಗ್ಲಿನಂಗೆ ತಾನೆ?"

"ಅಲ್ಲ."

ಪೆಡಲು ನಿಂತಿತು. ಮೂಗಮ್ಮ ಸೆರಗಿನ ಮೇಲಿಂದಲೇ ಭುಜದ ಕೆಳಗೆ ಬೆರಳಿಟ್ಟು ತೋರಿಸಿದಳು.

"ಅಷ್ಟೇಯಾ? ಮಂಚಣ್ಣಂಗೆ ಗೊತ್ತಾ?"

"ಅವ್ರೇ ಕಣ್ಲಾ ಯೋಳಿದ್ದು."

"ಏನಾಯ್ತಕ್ಕ ಅವ್ರಿಗೆ?"

"ಅಡಗು."

ಮರಿಸ್ವಾಮಿ ಅದೊಂದು ಹೊಸ ಕಾಯಿಲೆಯಿರಬೇಕೆಂದು ತಲೆಯಾಡಿಸಿದ. ಮೂಗಮ್ಮ ಸುತ್ತ ನೋಡಿ, ದನಿ ತಗ್ಗಿಸಿದಳು. ಆಕೆ ದನಿ ತಗ್ಗಿಸಿದ್ದನ್ನು ಪೇಟೆ ಬೀದಿ ಕಂಡದ್ದು ಅದೇ ಮೊದಲು.

"ಮರಿಸ್ವಾಮಿ, ಒಂದ್ ಕೆಲ್ಸ ಆಯ್ತದಾ? ಮೈಬಣ್ಣದ ಬಟ್ಟೆ ತಕ್ಕಂಡು, ಗಿಡ್ಡ ತೋಳಿನ ಕೆಳಕ್ಕೆ ಇನ್ನೊಂದು ತೋಳು ಒಲ್ದು ಬುಡು. ನೋಡ್ದೋರ್ಗೆ ಬರೀ ತೋಳು ಅನ್ಬೇಕು."

ಯಾಕೆಂದು ಅವನು ಕೇಳಲಿಲ್ಲ. ಮಾರನೆಯ ದಿನ ಬಂದವಳಿಗೆ ಕೈಚೆಲ್ಲಿ ಹೇಳಿದ: "ಎಲ್ಲಾ ಅಂಗ್ಡಿ ತಿರುಗ್ದೆ ಕಣಕ್ಕ. ಮೈಬಣ್ಣ ಕೊಡಪ್ಪ ಅಂದೆ. ಯಾರ್ ಮೈದು ಅಂದ ಅಂಗ್ಡಿಯೋನು. ನಮ್ ಮೂಗಕ್ಕಂದು ಅಂದೆ. ಅದು ರಾಗಿಮುದ್ದೆ ಬಣ್ಣ, ಆ ಬಣ್ಣುದ್ ಬಟ್ಟೆ ಯಾವ್ ಮಿಲ್ಲಲ್ಲೂ ನೇಯಾಕಿಲ್ಲ, ಓಗು ಅಂದ."

"ನನ್ ಎಸ್ರು ಯಾಕ್ಲಾ ಯೋಳೋಕೋದೆ!"

ಕೊನೆಗೆ ಕಡು ಹಸುರು ಬಣ್ಣದ ರೇಷ್ಮೆಯಲ್ಲಿ ಗಿಡ್ಡ ತೋಳಿನ ಜಾಕೀಟೇ ಆಯಿತು. ಮನೆಗೆ ತಂದು, ಬಾಗಿಲ ಅಗುಳಿ ಹಾಕಿ, ತೊಟ್ಟು, ಕನ್ನಡಿಗೆ ಬಲಗಡೆ ತಿರುಗಿದಳು. ಕನ್ನಡಿಯಲ್ಲಿ ತೋಳು ಒಂದೇ ಕಾಣಿಸಿತು. ಉಳಿದ ಹೆಂಗಸೆಲ್ಲ ಅದರ ಹಿಂದೆ ಎಲ್ಲೋ ಅಡಗಿಬಿಟ್ಟಿದ್ದಳು. ಸರಸರನೆ ಬಿಚ್ಚಿ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಅದರ ಮೇಲೆ, ಏನಕ್ಕೂ ಇರಲೆಂದು, ಉದ್ದ ತೋಳಿನ ಹಳೆಯ ಜಾಕೀಟೊಂದನ್ನು ಇಟ್ಟಳು.

ಮದರಾಸಿನಿಂದ ವಿಮಾನ ಮೇಲೆದ್ದಾಗ ಗಂಡಸರೆಲ್ಲ ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ಮಂಚಯ್ಯ ತನ್ನ ಮನೆದೇವರು ಸಾಲದೆಂದು ಅಕ್ಕಪಕ್ಕದವರ ದೇವರನ್ನೂ ನೆನೆದ. ಮೂಗಮ್ಮ ಮಾತ್ರ ಕಿಟಕಿಯಿಂದ ಮೋಡ ನೋಡುತ್ತ, ಇದು ಬಿದ್ದುಹೋದರೆ ಎರಡನೇ ದಿನದ ಊಟ ತಪ್ಪುತ್ತದಲ್ಲ ಎಂದು ಒಂದು ಗಳಿಗೆ ಆಸೆಪಟ್ಟಳು. ಬೀಳಲಿಲ್ಲ.

ಸಿಂಗಪುರದ ದಕ್ಕೆಯಲ್ಲಿ ನಿಂತಿದ್ದ ಹಡಗು, ಮೇಲುಕೋಟೆ ಬೆಟ್ಟವನ್ನು ಬುಡಸಮೇತ ಕಿತ್ತು ಸುಣ್ಣ ಹೊಡೆದು ನೀರಿಗೆ ಬಿಟ್ಟ ಹಾಗಿತ್ತು. ಒಳಗೆ ಅಂಗಡಿ ಬೀದಿ, ಈಜುಕೊಳ. ಹಡಗಿನೊಳಗೆ ಕೊಳ, ಕೊಳದ ಹೊರಗೆ ಸಮುದ್ರ! ಮಂಚಯ್ಯ ಒಂದೊಂದು ಮಹಡಿ ಹತ್ತಿದಾಗಲೂ ಒಂದೊಂದು ಸಲ ದಾರಿ ತಪ್ಪಿದ. ಒಮ್ಮೆ ಬೇರೆಯವರ ಕೋಣೆಗೆ ನುಗ್ಗಿ, ಅಲ್ಲಿದ್ದ ಬಿಳಿ ದಂಪತಿಗೆ ಕೈಮುಗಿದು, ನಿಮ್ಮೂರಲ್ಲಿ ಬೋರು ಎಷ್ಟು ಅಡಿಗೆ ನೀರು ಕೊಡ್ತದೆ ಎಂದು ವಿಚಾರಿಸಿಯೂ ಬಂದ. ಮೂಗಮ್ಮನ ಕಣ್ಣಿಗೆ ಇದಾವುದೂ ಹತ್ತಲಿಲ್ಲ. ಹೆಂಗಸರ ತೋಳುಗಳನ್ನಷ್ಟೇ ನೋಡುತ್ತಿದ್ದಳು. ಎಲ್ಲೆಲ್ಲೂ ನುಣುಪಾದ ತೋಳುಗಳು, ಭುಜದಿಂದ ಬೆರಳ ತನಕ. ಇಷ್ಟು ತೋಳುಗಳು ಲೋಕದಲ್ಲಿವೆಯೆಂದು ಆಕೆಗೆ ಗೊತ್ತಿರಲಿಲ್ಲ. ಗುಜರಾತಿನ ಕಡೆಯ ಮುದುಕ ಅಂಗಡಿಯವನೊಬ್ಬನ ಹೆಂಡತಿ ಮಾತ್ರ ಮಣಿಕಟ್ಟಿನವರೆಗೆ ತೋಳು ತೊಟ್ಟು ಶಾಲು ಹೊದ್ದಿದ್ದಳು. ಪಾಪ, ಈ ಮುದುಕಿಗೆ ಯಾರೂ ಹೇಳಿಲ್ಲ, ಬಾಗಿಲಲ್ಲೇ ತಡೆಯುತ್ತಾರೆ ಎಂದು ಮೂಗಮ್ಮ ಮರುಗಿದಳು.

ಎರಡನೇ ದಿನ ಹೊತ್ತು ಇಳಿಯಿತು. ಗೂಡಿನಂಥ ಕೋಣೆಯ ಮಂಚದ ಮೇಲೆ ಎರಡು ಜಾಕೀಟು ಹರಡಿಕೊಂಡು ಮೂಗಮ್ಮ ನಿಂತಳು. ಉದ್ದದ್ದು ತೊಟ್ಟರೆ ಬಾಗಿಲಲ್ಲಿ ಗಂಡನ ಮಾನ ಹೋಗುತ್ತದೆ. ಗಿಡ್ಡದ್ದು ತೊಟ್ಟರೆ ತನ್ನದು. ಮಂಚಯ್ಯ ಜರಿ ಪಂಚೆ ಉಟ್ಟು, ಬಿಳಿ ಶರಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಾಗಿಲ ಬಳಿ ತಯಾರಾಗಿದ್ದ. ತನಗೇನೂ ನಿಯಮ ಹೇಳಿಲ್ಲವೆಂಬ ನೆಮ್ಮದಿ ಅವನ ಮುಖದಲ್ಲಿ ಎಣ್ಣೆಗಿಂತ ಹೆಚ್ಚು ಹೊಳೆಯುತ್ತಿತ್ತು.

"ಆಯ್ತೇನಮ್ಮಿ? ಒಟ್ಟೆ ಚುರ್ ಅಂತದೆ."

ಗಿಡ್ಡದ್ದನ್ನೇ ತೊಟ್ಟಳು. ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಬಲತೋಳನ್ನು ಮುಚ್ಚಿ, ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಬಾಗಿಲು ದಾಟುವ ತನಕ ಯಾರೂ ಕೇಳದಿದ್ದರೆ ಸಾಕು, ದೇವರೇ. ನಡುಮನೆಯಂಥ ಓಣಿಯಲ್ಲಿ ನಡೆಯುವಾಗ ಕರಿ ಕೋಟು ತೊಟ್ಟ ಗಂಡಸರು ಹಿಂಡುಹಿಂಡಾಗಿ ಹೋಗುತ್ತಿದ್ದರು. ಕಂಪನಿಗೆ ಎಷ್ಟೊಂದು ಜನ ಆಫೀಸರು ಅಂದುಕೊಂಡಳು.

ಊಟದ ಮನೆಯ ಬಾಗಿಲು ದೇವಸ್ಥಾನದ ಬಾಗಿಲಿನಷ್ಟು ಎತ್ತರ. ಅಲ್ಲಿ ಬಿಳಿ ಕೈಗವಸು ತೊಟ್ಟ ಎಳೆಮುಖದ ಆಳೊಬ್ಬ ನಿಂತು ಬಂದವರಿಗೆಲ್ಲ ಬಗ್ಗಿ ನಮಸ್ಕರಿಸುತ್ತಿದ್ದ. ಮಂಚಯ್ಯನನ್ನು ಕಂಡು ಬಗ್ಗಿದವನು ಅರ್ಧಕ್ಕೇ ನಿಂತ.

"ಗುಡ್ ಈವನಿಂಗ್ ಸರ್. ಜಾಕೆಟ್, ಸರ್?"

ಇಂಗ್ಲಿಷಿನ ಸಮುದ್ರದಲ್ಲಿ ಗೊತ್ತಿರುವ ಮಾತೊಂದು ತೇಲಿಬಂದದ್ದಕ್ಕೆ ಮಂಚಯ್ಯ ಹಿಗ್ಗಿಹೋದ.

"ನೋಡ್ದಾ, ಕೇಳೇ ಬುಟ್ಟ! ತೋರ್ಸಮ್ಮಿ."

"ಇಲ್ಲೇನಾ?"

"ಬಾಗ್ಲು ಇದೇ ಅಲ್ವಾ? ಸೆರಗು ತೆಗ್ದು ತೋರ್ಸು, ಬಿರ್‍ರನೆ. ಇಂದೆ ಜನ ನಿಂತವ್ರೆ."

ಹಿಂದೆ ಜನ ನಿಂತಿದ್ದರು. ಪಕ್ಕದಲ್ಲಿ ನಿಂತಿದ್ದರು. ತಲೆಯ ಮೇಲೆ ಗಾಜಿನ ದೀಪದ ಗೊಂಚಲು, ನಾಗಮಂಗಲದ ಅಷ್ಟೂ ಬೀದಿದೀಪಗಳನ್ನು ಒಂದೇ ಬುಟ್ಟಿಗೆ ಸುರಿದು ನೇತುಹಾಕಿದಂತೆ ಉರಿಯುತ್ತಿತ್ತು. ಮೂಗಮ್ಮನ ಮೂಗಿಗೆ ಪಾಕದ ವಾಸನೆ ಅಡರಿತು. ಇಲ್ಲಿಂದ ಓಡಿದರೆ ಎಲ್ಲಿಗೆ ಓಡುವುದು? ಸುತ್ತಲೂ ಸಮುದ್ರ. ಗಂಡನ ಮುಖ ನೋಡಿದಳು. ಅವನು ಆಳಿನ ಮುಖ ನೋಡುತ್ತಿದ್ದ. ಮುಷ್ಟಿ ಸಡಿಲಿಸಿದಳು. ಸೆರಗು ಜಾರಿತು. ದೇವಿ ಹಾಕಿಸಿಕೊಳ್ಳಲು ಸೂಜಿಯ ಮುಂದೆ ನಿಂತ ಮಗುವಿನ ಹಾಗೆ ತೋಳನ್ನು ಮುಂದಕ್ಕೆ ಚಾಚಿ ಕಣ್ಣು ಮುಚ್ಚಿದಳು.

ಯಾರೂ ಕಿರುಚಲಿಲ್ಲ. ಆಳು ಏನೂ ತಿಳಿಯದೆ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ, ಚಾಚಿದ ಕೈಯನ್ನು ಹಿಡಿದು ಒಳಗೆ ನಡೆಸಬೇಕೇನೋ ಎಂದುಕೊಂಡು, ಗವಸಿನ ಬೆರಳುಗಳಿಂದ ಮೆಲ್ಲಗೆ ಹಿಡಿದು, "ವೆಲ್ಕಮ್ ಮೇಡಂ" ಎಂದು ಹೊಸ್ತಿಲು ದಾಟಿಸಿಬಿಟ್ಟ. ಮೂಗಮ್ಮ ಕಣ್ಣು ತೆರೆದಾಗ ಒಳಗಿದ್ದಳು. ಗಂಡ ಇನ್ನೂ ಹೊರಗಿದ್ದ.

"ಜಾಕೆಟ್, ಸರ್."

"ಅದೇ ಕಣಪ್ಪಾ, ಒಳಕ್ಕೋಯ್ತಲ್ಲ, ಅದೇ ಜಾಕೀಟು!"

"ನೋ ಸರ್. ಯುವರ್ ಜಾಕೆಟ್." ಆಳು ಮಂಚಯ್ಯನ ಎದೆಯ ಕಡೆಗೆ ಬೆರಳು ತೋರಿಸಿದ.

ಮಂಚಯ್ಯ ತನ್ನ ಎದೆ ನೋಡಿಕೊಂಡ. ಮುಖ ಕೆಂಪಾಯಿತು, ಮೀಸೆ ನೆಟ್ಟಗಾಯಿತು. "ನಾನಾ? ನಾನ್ ಜಾಕೀಟು ಆಕ್ಕಬೇಕಾ? ಏನಯ್ಯಾ ಅಂದ್ಕಂಡಿದ್ದೀಯಾ? ಗಂಡ್ಸು ಕಣಯ್ಯಾ ನಾನು! ನಮ್ಮೂರಲ್ಲಿ ಯಾರ್ನಾದ್ರೂ ಕೇಳು!"

ನಡು ಸಮುದ್ರದಲ್ಲಿ ನಾಗಮಂಗಲದವರನ್ನು ಎಲ್ಲಿಂದ ತಂದು ಕೇಳಬೇಕು? ಗಲಾಟೆ ಕೇಳಿ ಮೋಹನ್ ಕುಮಾರ್ ಓಡಿಬಂದರು. ಮೈಮೇಲೆ ಕರಿ ಕೋಟಿತ್ತು.

"ಅಯ್ಯೋ ಮಂಚಯ್ಯನವರೇ, ಫೋನಲ್ಲಿ ಅಷ್ಟು ಬಿಡಿಸಿ ಹೇಳಿದ್ನಲ್ಲ! ಜಾಕೆಟ್ ಹೊಲಿಸಿ ಅಂತ?"

"ಒಲ್ಸಿದ್ದೀನಲ್ಲ ಸಾ! ಅವ್ಳು ಆಕ್ಕಂಡವ್ಳೆ, ನೋಡಿ ಬೇಕಾರೆ."

"ಅವರಿಗಲ್ಲ, ನಿಮಗೆ! ಜಾಕೆಟ್ ಅಂದ್ರೆ ಕೋಟು ಕಣ್ರೀ! ಅದರ ತೋಳು ಗಿಡ್ಡ ಇದ್ರೆ ಒಳಗಿನ ಶರಟಿನ ಕಫ್ ಒಂಚೂರು ಕಾಣುತ್ತೆ, ಅದನ್ನ ಹೇಳಿದ್ದು. ಲೇಡೀಸ್‌ಗೆ ಸೀರೆ ಸಾಕು, ಅವರ ಯೋಚನೆ ಬಿಡಿ ಅಂತಾನೂ ಹೇಳಿದ್ದೆ."

ಮೂಗಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ವಾರಗಟ್ಟಲೆ ಉಣ್ಣದ ಊಟ, ಮುಚ್ಚದ ಕಣ್ಣು ಎಲ್ಲ ಸೇರಿ ಗಂಟಲಿಗೆ ಬಂತು.

"ಕೋಟು ಅನ್ನಾಕೆ ನಿಮ್ ನಾಲ್ಗೆ ಸವೀತಿತ್ತಾ ಸಾಮಿ!"

ಮೇಜುಗಳ ಮೇಲಿನ ಗಾಜಿನ ಲೋಟಗಳೆಲ್ಲ ಕಿಣಿಕಿಣಿ ಅಂದವು. ಎಂಟು ಮಹಡಿಯ ಮೇಲೆ ಚುಕ್ಕಾಣಿ ಹಿಡಿದವನು, ಎದುರಿನಿಂದ ಇನ್ನೊಂದು ಹಡಗು ಹಾರನ್ ಹಾಕಿತೆಂದು ಸ್ವಲ್ಪ ಎಡಕ್ಕೆ ತಿರುಗಿಸಿದನಂತೆ. ಕೂಗಿದ ಮೇಲೆ ಇಡೀ ಊಟದ ಮನೆ ತನ್ನ ಕಡೆ ತಿರುಗಿರುವುದೂ, ತೋಳು ಬರಿದಾಗಿ ದೀಪದ ಕೆಳಗಿರುವುದೂ ಆಕೆಗೆ ಒಟ್ಟಿಗೆ ಗೊತ್ತಾಯಿತು. ಸರಕ್ಕನೆ ಸೆರಗು ಹೊದ್ದು ಗೋಡೆ ಸೇರಿದಳು.

ಕೋಟಿಲ್ಲದೆ ಬಂದವರಿಗೆ ಕೊಡಲು ಹಡಗಿನವರೇ ಕೋಟು ಇಟ್ಟಿರುತ್ತಾರಂತೆ. ಮಂಚಯ್ಯನಿಗೆ ಸಿಕ್ಕಿದ್ದು ಯಾವನೋ ಭೀಮನ ಅಳತೆಯದು. ಭುಜ ಮೊಣಕೈಗೆ ಬಂತು, ತೋಳು ಬೆರಳು ದಾಟಿ ತೂಗಿತು. ಜರಿ ಪಂಚೆಯ ಮೇಲೆ ಅದನ್ನು ತೊಟ್ಟು ಬಂದವನು, ಹಳೆಯ ಕಾಲದ ಶಾನುಭೋಗರೊಬ್ಬರು ಕಾಯಿಲೆ ಬಿದ್ದು ಅರ್ಧಕ್ಕೆ ಇಳಿದ ಹಾಗೆ ಕಂಡ. ಊಟದಲ್ಲಿ ಏನೇನು ಬಂತೋ, ಮೂಗಮ್ಮನಿಗೆ ನೆನಪಿಲ್ಲ. ಎಡಗೈಯಲ್ಲಿ ಸೆರಗು ಹಿಡಿದು ಬಲಗೈಯಲ್ಲಿ ಅನ್ನ ಹುಡುಕಿದ್ದಷ್ಟೇ ನೆನಪು.

ಉಂಡೆದ್ದ ಮೇಲೆ ಇನ್ನೊಂದು ಕಾದಿತ್ತು. ಪ್ರತಿ ಜೋಡಿಯನ್ನೂ ಕ್ಯಾಪ್ಟನ್ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಕಟ್ಟು ಹಾಕಿಸಿ ನಿಮ್ಮ ನಿಮ್ಮ ಅಂಗಡಿಗೆ ಕಳಿಸುತ್ತೇವೆ ಎಂದು ಮೋಹನ್ ಕುಮಾರ್ ಸಾರಿದರು. ಮೂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಡಗಿನ ಜನ ನಾಳೆ ಇಳಿದು ತಂತಮ್ಮ ದಾರಿ ಹಿಡಿಯುತ್ತಾರೆ. ಫೋಟೋ ನಾಗಮಂಗಲಕ್ಕೆ ಬರುತ್ತದೆ, ಅಂಗಡಿಯ ಗೋಡೆಗೆ ಏರುತ್ತದೆ, ಮೋಟಾರಿಗೆ ಬಂದವರೆಲ್ಲ ನೋಡುತ್ತಾರೆ, ನೆಂಟರು ನೋಡುತ್ತಾರೆ. ಸೆರಗು ಹೊದ್ದೇ ನಿಲ್ಲಬಹುದು, ಈಗ ಯಾವ ನಿಯಮವೂ ಇಲ್ಲ. ಆದರೂ ಬಾಗಿಲಲ್ಲಿ ತೋಳು ಚಾಚಿದಾಗ ಗಂಡ ತನ್ನನ್ನು ನೋಡಲೇ ಇಲ್ಲವೆಂಬುದು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ಸಾಲಿನಲ್ಲಿ ಅವರ ಸರದಿ ಹತ್ತಿರ ಬಂತು. ಮುಂದೆ ನೋಡುತ್ತಲೇ ಮೆಲ್ಲಗೆ ಕೇಳಿದಳು.

"ಇಲ್ ಕೇಳಿ. ಸೆರಗು ಇಂಗೇ ಇರ್ಲಾ, ತೆಗೀಲಾ?"

"ಯಾಕಮ್ಮಿ?"

"ತೋಳು..."

ಇಷ್ಟು ವರ್ಷಕ್ಕೆ ಆ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಮಂಚಯ್ಯ ಕೋಟಿನ ತೋಳೊಳಗೆ ಕೈ ಹುಡುಕುವುದನ್ನು ಬಿಟ್ಟ.

"ತೋಳು ಆವತ್ತಿಂದ್ಲೂ ಅಂಗೇ ಅದಲ್ಲ," ಅಂದ.

"ನೀವು ಒಂದ್ ದಿನವೂ ಕೇಳ್ಳಿಲ್ಲ."

"ಕೇಳ್ಳಿಲ್ಲ."

"ಯಾಕೆ? ಬಾಗ್ಲಲ್ಲೂ ಕಣ್ಣೆತ್ತಿ ನೋಡ್ಳಿಲ್ಲ."

ಮಂಚಯ್ಯ ಕ್ಯಾಪ್ಟನ್ನಿನ ಟೋಪಿಯನ್ನೇ ನೋಡುತ್ತ ಹೇಳಿದ: "ಎದ್ರಿಕೆ ಕಣಮ್ಮಿ. ಕೇಳುದ್ರೆ ಎಲ್ಲಿ ಅತ್ಬುಡ್ತೀಯೋ ಅಂತ. ಊರೆಲ್ಲ ಗದರ್ಸೋಳು ನೀನು. ನೀ ಅತ್ರೆ ನಾ ಏನ್ ಮಾಡ್ಲಿ? ಆ ಧೈರ್ಯ ನಂಗಿಲ್ಲ. ನೋವಾಯ್ತಾ ಆಗ? ಬಾಳ?"

ಅಷ್ಟರಲ್ಲಿ ಮುಂದಿದ್ದ ಜೋಡಿ ಸರಿಯಿತು. ಕ್ಯಾಪ್ಟನ್ ನಗುತ್ತ ಕೈ ಚಾಚಿದ, ಫೋಟೋದವನು ಬೆರಳೆತ್ತಿದ. ಮೂಗಮ್ಮ ಬಾಯಿ ತೆರೆದರೆ ಅಳು ಬರುತ್ತಿತ್ತು, ಅತ್ತರೆ ಪಕ್ಕದ ಗಂಡಸು ಕೋಟು ಸಮೇತ ಕುಸಿಯುತ್ತಿದ್ದ. ಕಣ್ಣನ್ನು ಬಿಗಿಯಾಗಿ ಮುಚ್ಚಿ, ಹಿಡಿದಿದ್ದ ಸೆರಗನ್ನು ಬಿಟ್ಟಳು. ರೆಪ್ಪೆಯ ಹೊರಗೆ ಬೆಳಕು ಫಳ್ಳೆಂದಿತು.

ಫೋಟೋ ಬಂದದ್ದು ಬೇಸಗೆಯಲ್ಲಿ. ಮಂಚಯ್ಯ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆಯೇ ತೂಗುಹಾಕಿದ. ಬೆಳ್ಳಿ ಗಡ್ಡದ ಕ್ಯಾಪ್ಟನ್, ಕೋಟಿನೊಳಗೆ ಮುಳುಗುತ್ತಿರುವ ಮಂಚಯ್ಯ, ಇಬ್ಬರ ನಡುವೆ ಕಣ್ಣು ಮುಚ್ಚಿ ನಿಂತ ಮೂಗಮ್ಮ. ಬಲತೋಳು ಭುಜದಿಂದ ಬೆರಳ ತನಕ, ಒಂದು ಗಂಟೂ ಬಿಡದೆ, ಸ್ಫುಟವಾಗಿ ಬಿದ್ದಿತ್ತು. ಹಡಗಿನ ಕ್ಯಾಮೆರಾ ಬಹಳ ಒಳ್ಳೆಯ ಕ್ಯಾಮೆರಾ.

ಮೊದಲು ನೋಡಲು ಬಂದವಳು ವಾರಗಿತ್ತಿ ಸೋಮಮ್ಮ. ನಾಲಿಗೆಗೆ ಅಗುಳಿಯಿಲ್ಲದ ಹೆಂಗಸು. ಮೂಗಮ್ಮ ಕಾಫಿ ಹಿಡಿದು ಬಂದಾಗ ಅವಳು ಫೋಟೋದ ಹತ್ತಿರಕ್ಕೆ ಮೂಗು ಒತ್ತಿಕೊಂಡು ನಿಂತಿದ್ದಳು.

"ಇದೇನಮ್ಮಿ ತೋಳು ಇಂಗಾಗದೆ?"

ಬೆಲ್ಲದ ಪಾಕದ ವಾಸನೆ ಗಪ್ಪನೆ ಬಂತು. ಮೂಗಮ್ಮನ ಎಡಗೈ ತಾನಾಗಿ ಸೆರಗಿನ ಕಡೆ ಹೋಯಿತು. ಮಂಚಯ್ಯ ಯಾವುದೋ ಮೋಟಾರಿನ ನಟ್ಟು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ, ತಲೆಯೆತ್ತಲಿಲ್ಲ.

"ಸಣ್ಣೋಳಿದ್ದಾಗ ಆಲೆಮನೇಲಿ ಪಾಕ ಬಿತ್ತು," ಅಂದಳು ಮೂಗಮ್ಮ. ದನಿ ಎಷ್ಟು ಸಣ್ಣಗಿತ್ತೆಂದರೆ ತನಗೇ ಸರಿಯಾಗಿ ಕೇಳಿಸಲಿಲ್ಲ.

"ಅಯ್ಯೋ ಶಿವನೇ, ಪಾಪ," ಅಂದಳು ಸೋಮಮ್ಮ. ಆಮೇಲೆ ಬೆರಳನ್ನು ಫೋಟೋದ ಮೇಲೆ ಪಕ್ಕಕ್ಕೆ ಸರಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದಳು. "ಅದಿರ್ಲಿ, ನಮ್ ಮಂಚಯ್ಯ ಯಾವ್ ಎಣದ್ ಮೈಮೇಲಿಂದ ಬಿಚ್ಕಬಂದವ್ನೆ ಈ ಕೋಟ?"

ನಟ್ಟು ಮತ್ತೆ ತಿರುಗತೊಡಗಿತು. ಮೂಗಮ್ಮ ಲೋಟ ಮುಂದಕ್ಕೆ ಚಾಚಿದಳು. ಕಾಫಿ ಸ್ವಲ್ಪ ತುಳುಕಿತು. ಸೋಮಮ್ಮ, ತನ್ನ ಮಾತಿಗೆ ನಕ್ಕೇ ತುಳುಕಿಸಿರಬೇಕೆಂದುಕೊಂಡು, ಕುಡಿದಳು.